ಖಾಲಿ ಕರಡಿಗೆ

ಹೊಸದುರ್ಗ, ಮೇ ೭, ೧೯೦೬, ಸೋಮವಾರ

ಇವತ್ತೂ ಒಂದು ಹಂಡೆ ಗಂಜಿ ಮಣ್ಣುಪಾಲಾಯಿತು. ಯಾರ ಹತ್ತಿರ ಹೇಳಿಕೊಳ್ಳಲಿ, ಈ ಕಾಗದಕ್ಕೇ ಹೇಳುತ್ತೇನೆ.

ವಾಂತಿಭೇದಿ ಊರಿಗೆ ಕಾಲಿಟ್ಟಿತೆಂದು ಕೆರೆಯಾಚೆಯ ಬಯಲಲ್ಲಿ ಗರಿಯ ಚಪ್ಪರ ಹಾಕಿ ಅದಕ್ಕೆ ಆಸ್ಪತ್ರೆ ಎಂದು ಹೆಸರಿಟ್ಟಿದ್ದಾರೆ. ದುರ್ಗದಲ್ಲಿ ಬಾಣಂತಿಯರನ್ನು ನೋಡಿಕೊಂಡು ನೆಮ್ಮದಿಯಾಗಿದ್ದ ನನ್ನನ್ನು ಇಲ್ಲಿಗೆ ಅಟ್ಟಿದರು. ಗಂಡನಿಲ್ಲ, ಮಕ್ಕಳಿಲ್ಲ, ನರ್ಸಮ್ಮನ ಕೆಲಸ ಕಲಿತವಳು, ಹೋದರೆ ಅಳುವವರು ಯಾರೂ ಇಲ್ಲ. ಆರಿಸುವವರಿಗೆ ಇದಕ್ಕಿಂತ ಸುಲಭ ಇನ್ನೇನು ಬೇಕು?

ಡಾಕ್ಟರು ಒಳ್ಳೆಯವರು, ಚಿಕ್ಕ ವಯಸ್ಸು. ಬಂದ ದಿನವೇ ಹೇಳಿದರು, "ದಾಕ್ಷಾಯಣಮ್ಮ, ಈ ರೋಗದಲ್ಲಿ ಮನುಷ್ಯ ಒಣಗಿ ಸಾಯ್ತಾನೆ. ಉಪ್ಪು ಹಾಕಿದ ಗಂಜಿತಿಳಿ ಕುಡಿಸಿ. ವಾಂತಿಯಾದರೆ ಮತ್ತೆ ಕುಡಿಸಿ." ಮಾತೇನೋ ಸರಿ, ಕುಡಿಯುವವರು ಯಾರು? ಹೊಟ್ಟೆ ಕೆಟ್ಟಾಗ ನೀರು ಕೊಡುವುದೆಂದರೆ ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ ಎಂದು ರೋಗಿಯ ಮನೆಯವರು ಲೋಟ ಕಿತ್ತುಕೊಳ್ಳುತ್ತಾರೆ. ಬಾವಿಗೆ ಕೆಂಪು ಔಷಧಿ ಹಾಕಿದ್ದಕ್ಕೆ ಅದು ನೆತ್ತರ ನೀರಂತೆ. ಗಂಜಿ ಕಾಸುವವಳು ಆಯಾ ಉಚ್ಚಂಗಮ್ಮ. ಅವಳ ಕೈಯದನ್ನು ಮೂಲೆಯ ಗೌಡರು ಮುಟ್ಟುವುದಿಲ್ಲ. ಗೌಡರ ಪಕ್ಕದ ದುರುಗಣ್ಣ, "ಯಾರ್ಯಾರು ಮುಟ್ಟಿದ ಪಾತ್ರೆಯೋ, ನಂಗೆ ಬ್ಯಾಡ್ರವ್ವ" ಎಂದು ಮುಖ ತಿರುಗಿಸುತ್ತಾನೆ. ಎಲ್ಲರ ನಾಲಿಗೆಯೂ ಒಣಗಿ ಚಕ್ಕೆಯಾಗಿದೆ, ಜಂಬ ಮಾತ್ರ ಹಸಿಹಸಿಯಾಗಿದೆ. ಮೂರ್ಖರು!

ನನ್ನ ಕಾಫಿ ನಾನೇ ಕಾಸಿಕೊಳ್ಳುತ್ತೇನೆ. ಉಚ್ಚಂಗಮ್ಮ ಕಾಸಿಕೊಡಲೇ ಎಂದಳು, ಬೇಡ ಎಂದೆ. ಅದು ಬೇರೆ ಮಾತು.

ಮೇ ೯, ಬುಧವಾರ

ಬೆಳಿಗ್ಗೆ ಸ್ನಾನ, ಕೊರಳಿನ ಬೆಳ್ಳಿ ಕರಡಿಗೆ ತೆರೆದು ಒಳಗಿನ ಇಷ್ಟಲಿಂಗವನ್ನು ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ಕಾಫಿ. ಹಾಲು ಉಕ್ಕುವುದರೊಳಗೆ ಪೂಜೆ ಮುಗಿದಿರಬೇಕು. ಅಪ್ಪ ಬದುಕಿದ್ದಿದ್ದರೆ ಇದು ಪೂಜೆಯಲ್ಲ, ಕಾಗೆ ಸ್ನಾನ ಎನ್ನುತ್ತಿದ್ದರು.

ಇವತ್ತು ಹಾಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಬೇಲಿಯ ಹತ್ತಿರ ಒಂದು ಗಾಡಿ ನಿಂತಿತ್ತು. ಗಾಡಿಯ ತುಂಬ ಎಳನೀರು. ಮೇಲೆ ಒಬ್ಬ ಹೆಂಗಸು, ಐವತ್ತು ದಾಟಿದವಳು, ಹಣೆತುಂಬ ವಿಭೂತಿ. ತೋಟದ ಕೊಟ್ರಮ್ಮ ಎಂದು ಎಲ್ಲರಿಗೂ ಗೊತ್ತಂತೆ. ದುರುಗಣ್ಣ ಇವಳ ತೋಟದ ಆಳು. ಅವನು ಗಂಜಿ ಕುಡಿಯದೆ ಬಿದ್ದಿದ್ದಾನೆಂದು ಕೇಳಿ ಬಂದಿದ್ದಾಳೆ. ನಾನು ತಡೆಯುವುದರೊಳಗೆ ಒಳಗೆ ನುಗ್ಗಿ ಅವನ ತಲೆಯ ಹತ್ತಿರ ಕುಳಿತೇಬಿಟ್ಟಳು.

"ಲೇ ದುರುಗ, ಇದನ್ನ ಮರ ಹತ್ತಿ ಕಿತ್ತೋನು ನನ್ನ ಮಗ ಏಕಾಂತ. ಒಳಗಿನ ನೀರು ಇನ್ನೂ ಯಾರೂ ಕಂಡಿಲ್ಲ. ನೀನೇ ಮೊದಲು ಬಾಯಿ ಇಡೋನು. ಇದಕ್ಕೂ ಮೈಲಿಗೆ ಅಂತೀಯೇನಲೇ?"

ದುರುಗಣ್ಣ ಕಣ್ಣು ಬಿಟ್ಟ. ಉಚ್ಚಂಗಮ್ಮ ಮಚ್ಚಿನಿಂದ ಒಂದು ಕೊಚ್ಚಿಕೊಟ್ಟಳು. ಮೂಲೆಯ ಗೌಡರು ಗೊಣಗಿದರು, "ಕೊಚ್ಚಿದ್ದು ಅವಳು."

"ಮಚ್ಚು ತಾಗಿದ್ದು ಮಟ್ಟೆಗೆ ಗೌಡ್ರೇ. ನೀವು ಮಟ್ಟೆ ತಿಂತೀರೇನು?" ಎಂದಳು ಕೊಟ್ರಮ್ಮ.

ಗೌಡರೂ ಕುಡಿದರು. ಎಲ್ಲರೂ ಕುಡಿದರು. ಎರಡು ವಾರ ನಾನು ಗಂಟಲು ಹರಿದುಕೊಂಡು ಮಾಡಿಸಲಾಗದ್ದನ್ನು ಈ ಹೆಂಗಸು ಒಂದು ಬೆಳಗಿನಲ್ಲಿ ಮಾಡಿಸಿದಳು. ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನೀವೂ ಒಂದು ಕುಡಿಯಿರಿ, ಬಿಸಿಲಲ್ಲಿ ಬಂದಿದ್ದೀರಿ ಎಂದರೆ ಕೈಯಾಡಿಸಿಬಿಟ್ಟಳು. "ಇನ್ನೂ ಲಿಂಗಪೂಜೆ ಆಗಿಲ್ಲ ಕಣವ್ವ. ಅಲ್ಲಿಗಂಟ ಗುಟುಕು ನೀರೂ ಇಳಿಯಲ್ಲ ನನಗೆ." ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಒಂದು ಸಲ ನೋಡಿದಳು.

ಮೇ ೧೩, ಭಾನುವಾರ

ದುರುಗಣ್ಣ ಎದ್ದು ಕೂರುತ್ತಾನೆ. ಗೌಡರು ಬೈಯುವಷ್ಟು ಗಟ್ಟಿಯಾಗಿದ್ದಾರೆ. ಸಾಯುವವರು ಈಗಲೂ ಇದ್ದಾರೆ, ಆದರೆ ಮೊದಲಿನಂತಲ್ಲ. ಎಳನೀರಿಗೆ ಒಗ್ಗಿದ ಬಾಯಿ ಈಗ ಗಂಜಿಗೂ ತೆರೆಯುತ್ತಿದೆ.

ಕೊಟ್ರಮ್ಮ ದಿನವೂ ಬರುತ್ತಾಳೆ. ಬರಬೇಡ, ರೋಗ ಅಂಟುತ್ತದೆ ಎಂದರೆ, "ನಿನಗೆ ಅಂಟಲ್ಲೇನು?" ಎನ್ನುತ್ತಾಳೆ. ಇವತ್ತು ನನ್ನ ಕೊರಳಿನತ್ತ ಕೈತೋರಿಸಿ, "ಕರಡಿಗೆ ಚಂದ ಐತೆ. ಒಳಗಿರೋನ್ನ ಯಾವಾಗಾದ್ರೂ ಮಾತಾಡಿಸ್ತೀಯಾ?" ಎಂದಳು.

"ಇಬ್ಬರಿಗೂ ಪುರುಸೊತ್ತಿಲ್ಲ" ಎಂದೆ.

ಬಿದ್ದು ಬಿದ್ದು ನಕ್ಕಳು. ನನಗೆ ಈ ಊರಿನಲ್ಲಿ ಜೊತೆ ಎಂದು ಸಿಕ್ಕವಳು ಇವಳೊಬ್ಬಳು. ಬಾಯಿ ಜೋರು, ನನ್ನದಕ್ಕಿಂತ ಜೋರು.

ಮೇ ೧೬, ಬುಧವಾರ

ಇವತ್ತು ಗಾಡಿಯಲ್ಲಿ ಎಳನೀರು ಬರಲಿಲ್ಲ, ಕೊಟ್ರಮ್ಮನೇ ಮಲಗಿ ಬಂದಳು. ಮುಂಜಾನೆಯಿಂದ ಹಿಡಿದಿದೆಯಂತೆ. ಮಗ ಏಕಾಂತಪ್ಪ ಎತ್ತಿನ ಹಗ್ಗ ಕಟ್ಟುವುದನ್ನೂ ಮರೆತು ಅವಳನ್ನು ಎತ್ತಿಕೊಂಡು ಒಳಗೆ ಬಂದ. ನಾನು ಚಾಪೆ ಹಾಸಿ ಮಲಗಿಸಿದೆ. ಡಾಕ್ಟರು ನಿನ್ನೆಯೇ ಹೊಳಲ್ಕೆರೆ ಕಡೆಯ ಹಳ್ಳಿಗಳಿಗೆ ಹೋಗಿದ್ದಾರೆ. ಇಲ್ಲಿ ಎಲ್ಲಕ್ಕೂ ನಾನೇ.

ರೋಗಿಯ ಮೈಮೇಲಿನ ಬಟ್ಟೆ, ತಂದ ಗಂಟು, ಎಲ್ಲವನ್ನೂ ಸುಡಬೇಕೆಂಬುದು ಇಲ್ಲಿಯ ನಿಯಮ. ನಾನೇ ಕಟ್ಟುನಿಟ್ಟು ಮಾಡಿಸಿದ್ದು. ಅವಳಿಗೆ ಬೇರೆ ಸೀರೆ ಸುತ್ತಿ, ಉಳಿದದ್ದನ್ನು ಗುಂಡಿಗೆ ಹಾಕು ಎಂದೆ. ಉಚ್ಚಂಗಮ್ಮ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟಳು.

ಸ್ವಲ್ಪ ಹೊತ್ತಿಗೆ ಕೊಟ್ರಮ್ಮನಿಗೆ ಎಚ್ಚರವಾಯಿತು. ಕೈ ಎದೆಯ ಮೇಲೆ ಹೋಯಿತು. "ನನ್ನ ಗಂಟೆಲ್ಲಿ?" ಎಂದಳು.

ಗಾಡಿಯಲ್ಲಿ ವಾಂತಿ ಶುರುವಾದಾಗ ಲಿಂಗಕ್ಕೆ ಹೊಲಸು ತಾಗಬಾರದೆಂದು ಇವಳೇ ಕೊರಳಿನಿಂದ ಬಿಚ್ಚಿ, ಮಡಿಬಟ್ಟೆಯಲ್ಲಿ ಸುತ್ತಿ, ಗಂಟಿನಲ್ಲಿಟ್ಟಿದ್ದಳಂತೆ. ಇವಳದು ಬೆಳ್ಳಿಯ ಕರಡಿಗೆಯಲ್ಲ, ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು. ಹುಟ್ಟಿದಾಗಿನಿಂದ ಮೈಬಿಡದ ಲಿಂಗವನ್ನು ಭಕ್ತಿಯಿಂದಲೇ ಒಂದು ಗಳಿಗೆ ಬಿಟ್ಟಳು, ಆ ಗಳಿಗೆಯಲ್ಲೇ ಹೋಯಿತು.

ಉಚ್ಚಂಗಮ್ಮ ನೆಲಕ್ಕೆ ಹಣೆ ಬಡಿದುಕೊಂಡಳು. "ನನ್ನ ಕೈ ಸೇದಿಹೋಗ್ಲಿ! ಗೊತ್ತಿರ್ಲಿಲ್ಲ ತಾಯೀ!"

"ನಿಂದೇನೂ ತಪ್ಪಿಲ್ಲ ಬಿಡವ್ವ" ಎಂದಳು ಕೊಟ್ರಮ್ಮ, ಸಮಾಧಾನವಾಗಿಯೇ. "ಆದ್ರೆ ಇನ್ನು ನನ್ನ ಬಾಯಿಗೆ ಏನೂ ತರಬ್ಯಾಡ್ರಿ. ಅಯ್ಯನೋರು ಬಂದು ಬೇರೆ ಲಿಂಗ ಕಟ್ಟಲಿ, ಆಮ್ಯಾಕೆ ಕುಡೀತೀನಿ."

ಲಿಂಗ ಕಳೆದುಕೊಂಡವರು ಗುರು ಮತ್ತೊಂದು ಕೊಡುವವರೆಗೆ ಹನಿ ನೀರು ಮುಟ್ಟುವುದಿಲ್ಲ. ನನಗೂ ಗೊತ್ತಿರುವ ಮಾತೇ. ಆದರೆ ಊರಿನ ಮಠದ ಅಯ್ಯನವರು ರೋಗಕ್ಕೆ ಹೆದರಿ ರಾಮಗಿರಿಗೆ ಹೋಗಿ ಕುಳಿತಿದ್ದಾರೆ. ಏಕಾಂತಪ್ಪ ಕರೆತರುತ್ತೇನೆಂದು ರೈಲು ಹಿಡಿಯಲು ಓಡಿದ. ಹೋಗಿ, ಒಪ್ಪಿಸಿ, ಕರೆದುಕೊಂಡು ಬರುವವರೆಗೆ ಇವಳು ಉಳಿಯುತ್ತಾಳೆಯೇ?

ಸಂಜೆಯವರೆಗೂ ಬೇಡಿಕೊಂಡೆ. ಎಳನೀರು ತುಟಿಗಿಟ್ಟರೆ ತುಟಿ ಬಿಗಿಯುತ್ತಾಳೆ. ಇಡೀ ಚಪ್ಪರಕ್ಕೆ ಕುಡಿಸಿದವಳು!

ಮೇ ೧೭, ಗುರುವಾರ

ಬೆಳಿಗ್ಗೆ ನೋಡಿದರೆ ಕಣ್ಣು ಗುಳಿಬಿದ್ದಿತ್ತು. ಬೆರಳು ಒಗೆಯುವವರ ಬೆರಳಿನಂತೆ ಸುಕ್ಕುಗಟ್ಟಿತ್ತು. ಮೊಣಕೈ ಚರ್ಮ ಚಿವುಟಿದರೆ ಚಿವುಟಿದಂತೆಯೇ ನಿಲ್ಲುತ್ತಿತ್ತು. ಹೀಗಾದವರು ಮಧ್ಯಾಹ್ನ ದಾಟಿದ್ದನ್ನು ನಾನು ಕಂಡಿಲ್ಲ. ಭಯವಾಯಿತು, ಭಯ ಸಿಟ್ಟಾಯಿತು. ಚಮಚ ತುರುಕಲು ಹೋದೆ, ಹಲ್ಲು ಕಚ್ಚಿದಳು. ಆಗ ನನ್ನ ಬಾಯಿಗೆ ಲಗಾಮು ಇರಲಿಲ್ಲ.

"ಶಿವನಿಗೆ ನಿನ್ನ ಹೆಣ ಬೇಕೇನು? ಊರಿಗೆಲ್ಲ ಕುಡಿಯಿರಿ ಎಂದವಳು ನೀನು. ನೀರು ಕುಡಿಯದೆ ಸತ್ತರೆ ಅದು ಭಕ್ತಿಯಲ್ಲ, ಸೊಕ್ಕು!"

ಅವಳಿಗೆ ದನಿ ಇರಲಿಲ್ಲ. ತುಟಿ ಮಾತ್ರ ಆಡಿತು. "ನನ್ನ ಜೀವ ಅಲ್ಲಿತ್ತಲ್ಲವ್ವ."

ಎದ್ದು ಗುಂಡಿಗೆ ಹೋದೆ. ನಾನೂ ಉಚ್ಚಂಗಮ್ಮನೂ ಬೂದಿಗೆ ಕೈ ಹಾಕಿ ಕೆದಕಿದೆವು. ಒಳಗೆ ಇನ್ನೂ ಬಿಸಿ ಇತ್ತು. ಉಚ್ಚಂಗಮ್ಮನ ಕೈಗೇ ಸಿಕ್ಕಿತು. ಮೇಲಿನ ಕಪ್ಪು ಲೇಪ ಕರಗಿಹೋಗಿತ್ತು, ಒಳಗಿನ ಕಲ್ಲು ಎರಡು ಹೋಳು. ಒಡೆದ ಲಿಂಗವನ್ನು ಕೊಟ್ರಮ್ಮನ ಕೈಗೆ ಕೊಡುವುದಕ್ಕಿಂತ ಕೊಡದಿರುವುದೇ ಮೇಲು. ಉಚ್ಚಂಗಮ್ಮ ಅದನ್ನು ಹಿಡಿದುಕೊಂಡು ಅಳುತ್ತಾ ಕುಳಿತಳು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದರೆ ಸುಳ್ಳಾದೀತು. ಕೊರಳಿನ ಕರಡಿಗೆ ತೆರೆದು ನನ್ನ ಲಿಂಗವನ್ನು ತೆಗೆದೆ, ನನ್ನ ಕೈಯಿಂದ ಅಂಟಿದ ಬೂದಿ ಒರಸಿದೆ, ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿದೆ. ಕರಡಿಗೆ ಮುಚ್ಚಿ ಮತ್ತೆ ಕೊರಳಿಗೆ ಹಾಕಿಕೊಂಡೆ, ಯಾರಿಗೂ ತಿಳಿಯಬಾರದಲ್ಲ. ಉಚ್ಚಂಗಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನೋಡಿದಳು.

"ಸಿಕ್ಕಿತು ಕೊಟ್ರಮ್ಮ. ಬೂದಿಯಲ್ಲಿತ್ತು. ಏನೂ ಆಗಿಲ್ಲ" ಎಂದು ಬಟ್ಟೆ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ.

ಅಂಗೈ ಮುಚ್ಚಿದಳು, ಕಣ್ಣೂ ಮುಚ್ಚಿದಳು. ಎಷ್ಟು ಹೊತ್ತು ಹಾಗೆ ಇದ್ದಳೆಂದರೆ ಹೋಗಿಯೇಬಿಟ್ಟಳೇನೋ ಎಂದು ಮೂಗಿನ ಹತ್ತಿರ ಕೈ ಹಿಡಿದೆ. ಕೊನೆಗೆ ಲಿಂಗವನ್ನು ಹಣೆಗೆ ಮುಟ್ಟಿಸಿಕೊಂಡು ಕಣ್ಣು ತೆರೆದು ನನ್ನನ್ನೇ ನೋಡಿದಳು. "ತಾ" ಎಂದಳು.

ಒಂದೊಂದು ಚಮಚ ಎಳನೀರು. ವಾಂತಿ, ಮತ್ತೆ ಚಮಚ. ಮಧ್ಯಾಹ್ನ ದಾಟಿತು. ಸಂಜೆಯಾಯಿತು. ಇದ್ದಾಳೆ.

ಒಂದು ಸುಳ್ಳು ಹೇಳಿದೆ, ಒಂದು ಜೀವ ಉಳಿಯುವ ಹಾಗಿದೆ. ನನಗೇನೂ ಪಶ್ಚಾತ್ತಾಪವಿಲ್ಲ. ಲಿಂಗ ಇಲ್ಲಿದ್ದರೇನು, ಅಲ್ಲಿದ್ದರೇನು?

ಮೇ ೧೮, ಶುಕ್ರವಾರ

ಕೊಟ್ರಮ್ಮನಿಗೆ ಮೂತ್ರವಾಯಿತು! ಯಾರಾದರೂ ಇದನ್ನು ಓದಿದರೆ ನಕ್ಕಾರು, ಆದರೆ ಈ ರೋಗದಲ್ಲಿ ಇದಕ್ಕಿಂತ ಸಿಹಿಸುದ್ದಿ ಇಲ್ಲ. ಉಚ್ಚಂಗಮ್ಮ ಓಡಿಬಂದು ಹೇಳಿದಾಗ ಇಬ್ಬರೂ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಸಂಜೆ ಅರ್ಧ ಲೋಟ ಗಂಜಿತಿಳಿ ನಿಂತಿತು.

ಬೆಳಿಗ್ಗೆ ಕಾಫಿ ಕಾಸಿದೆ, ಕುಡಿಯಬೇಕೆನಿಸಲಿಲ್ಲ. ಹಾಲು ಕೆಟ್ಟಿತ್ತೋ ಏನೋ. ಮಧ್ಯಾಹ್ನದ ರೊಟ್ಟಿಯೂ ಒಣಗಿತ್ತು, ನಾಯಿಗೆ ಹಾಕಿದೆ. ಕೆಲಸವಿದ್ದಾಗ ಹಸಿವು ನೆನಪಾಗುವುದಿಲ್ಲ.

ಕೊಟ್ರಮ್ಮ ಒಂದು ಸಲ, "ನೀನು ಉಂಡ್ಯೇನವ್ವ?" ಎಂದಳು. ಉಂಡೆ ಎಂದೆ.

ಮೇ ೧೯, ಶನಿವಾರ

ತಲೆನೋವು. ಬಿಸಿಲು ವಿಪರೀತ.

ಬಾವಿಯ ಹತ್ತಿರ ಬೊಗಸೆಯಲ್ಲಿ ನೀರು ಹಿಡಿದೆ. ಆ ಕೆಂಪು ಔಷಧಿಯ ವಾಸನೆಗೆ ಹಾಗೇ ಚೆಲ್ಲಿದೆ. ಇಷ್ಟು ದಿನ ವಾಸನೆ ಇರಲಿಲ್ಲವೇ? ಇದ್ದಿರಬೇಕು.

ಕರಡಿಗೆ ಎದೆಗೆ ಬಡಿಯುತ್ತಿದೆ. ನಡೆದರೆ ಬಡಿಯುತ್ತದೆ.

ಮೇ ೨೦, ಭಾನುವಾರ

ನಿನ್ನೆ ಬರೆದು ಎದ್ದವಳು ನೆಟ್ಟಗೆ ನಿಲ್ಲಲಿಲ್ಲ. ಗೌಡರಿಗೆ ಗಂಜಿ ಕೊಡಲು ಹೋಗಿ, ಲೋಟ ಕೈತಪ್ಪಿ, ಕೊಟ್ರಮ್ಮನ ಚಾಪೆಯ ಪಕ್ಕದಲ್ಲೇ ಕುಸಿದು ಕುಳಿತೆ. ಉಚ್ಚಂಗಮ್ಮ ಓಡಿಬಂದಳು. ಕೊಟ್ರಮ್ಮ ಎದ್ದು ಕುಳಿತಿದ್ದಳು, ಮೂರು ದಿನದಲ್ಲಿ ಮೊದಲ ಸಲ.

"ಒಂದು ಎಳನೀರು ಕೊಚ್ಚು, ಉಚ್ಚಂಗಮ್ಮ" ಎಂದಳು.

"ನನಗೆ ಬೇಡ. ಆಮೇಲೆ" ಎಂದೆ.

"ಯಾಕೆ ಬ್ಯಾಡ?"

"ಬಾಯಿಗೆ ರುಚಿಸೋಲ್ಲ."

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂದಂಗಾತು ನಿಂದು. ನಾಲಿಗೆ ತೆಗಿ ನೋಡಾಣ. ನನ್ನ ನಾಲಿಗೆಗಿಂತ ಕಡೆಯಾಗೈತೆ." ದನಿ ತಗ್ಗಿಸಿದಳು. "ಕೊಳ್ಳಾಗಿರೋ ಕರಡಿಗೆ ನಿನ್ನೆಯಿಂದ ಕುಣೀತಾ ಐತೆ. ಒಳಗೆ ಭಾರ ಇದ್ದಿದ್ರೆ ಕುಣೀತಿತ್ತೇನು?"

ಸುಳ್ಳಿಗೂ ಬಾಯಲ್ಲಿ ಸ್ವಲ್ಪ ನೀರು ಬೇಕು.

"ಯಾವಾಗ ಗೊತ್ತಾಯಿತು?" ಎಂದೆ.

"ಅಂಗೈಲಿ ಇಟ್ಟಾಗ್ಲೇ. ಐವತ್ತೊರ್ಷ ದಿನಾ ಹಿಡಿದ ಲಿಂಗದ ತೂಕ ಮರೀತೀನೇನೇ, ಹುಚ್ಚಿ? ನಂದು ಬೆಂಕಿಗೆ ಬಿದ್ದದ್ದು ಹೊಳೀತಾ ಬರ್ತದೇನು?"

"ಮತ್ತೆ ಯಾಕೆ ಕುಡಿದೆ?"

ಕೊಟ್ರಮ್ಮ ಕೊರಳಿನ ಬಟ್ಟೆಗಂಟನ್ನು ಮುಟ್ಟಿಕೊಂಡಳು. "ನಿನ್ನ ಮುಖ ನೋಡಿದೆ. ಇವಳು ತನ್ನ ಜೀವ ಬಿಚ್ಚಿಕೊಟ್ಟವಳೆ, ಇದನ್ನೂ ಬ್ಯಾಡ ಅಂದ್ರೆ ನನ್ನಂಥ ಪಾಪಿ ಇರಲ್ಲ ಅನ್ನಿಸ್ತು. ಕೊಟ್ಟೋರೇ ಗುರು ಅಂದ್ಕಂಡೆ. ಆದ್ರೆ ನೀನು ಹಿಂಗೆ ಒಣಗ್ತಾ ಕುಂತ್ಕಂತೀಯ ಅಂತ ಗೊತ್ತಿರ್ಲಿಲ್ಲ. ಪುರುಸೊತ್ತಿಲ್ಲ, ನಂಬಿಕೆ ಇಲ್ಲ ಅಂತಿದ್ಯಲ್ಲ?"

"ಇಲ್ಲ" ಎಂದೆ. "ಸುಮ್ಮನೆ ಸೇರಲಿಲ್ಲ, ಅಷ್ಟೇ." ಅಷ್ಟು ಹೇಳಿ ಅತ್ತುಬಿಟ್ಟೆ. ಯಾಕೆ ಅತ್ತೆನೋ ತಿಳಿಯದು. ಬಲಹೀನತೆಯಿಂದ ಇರಬೇಕು.

"ನೀರು ಕುಡೀದೆ ಸತ್ರೆ ಅದು ಭಕ್ತಿಯಲ್ಲವ್ವ, ಸೊಕ್ಕು" ಎಂದಳು ಕೊಟ್ರಮ್ಮ.

ನನ್ನದೇ ಮಾತು, ನನ್ನದೇ ರಾಗ. ಅಲ್ಲಿಯವರೆಗೆ ಕದ್ದು ಕೇಳುತ್ತಿದ್ದ ದುರುಗಣ್ಣ ಕಿಸಕ್ಕನೆ ನಕ್ಕ.

ಕೊಟ್ರಮ್ಮ ಕೊರಳಿನ ಬಟ್ಟೆ ಬಿಚ್ಚಿದಳು. "ಅಯ್ಯನೋರು ಬರೋಗಂಟ ಇಬ್ರಿಗೂ ಇದೊಂದೇ ಸಾಕು. ಕೈ ಚಾಚು." ಲಿಂಗವನ್ನು ನನ್ನ ಎಡ ಅಂಗೈಯಲ್ಲಿಟ್ಟು, ತನ್ನ ಅಂಗೈಯನ್ನು ಕೆಳಗೆ ಹಿಡಿದಳು. ಮೇಲಿನಿಂದ ಎಳನೀರು ಎರೆಯಲು ಅವಳ ಕೈಗೆ ಶಕ್ತಿ ಸಾಲಲಿಲ್ಲ. ಉಚ್ಚಂಗಮ್ಮ ಹಿಂದೆ ಸರಿದು ನಿಂತಿದ್ದಳು.

"ಎಲ್ಲಿ ಹೋಗ್ತೀಯೇ? ನಿನ್ನ ಕೈಲಿ ಏನಾಗೈತೆ? ಎರಿ" ಎಂದಳು ಕೊಟ್ರಮ್ಮ.

ಉಚ್ಚಂಗಮ್ಮ ನನ್ನ ಮುಖ ನೋಡಿದಳು. ಎರಿ ಎಂದೆ. ಎಳನೀರು ಲಿಂಗದ ಮೇಲೆ ಬಿದ್ದು, ನನ್ನ ಬೆರಳ ಸಂದಿಯಿಂದ ಇಳಿದು ಕೊಟ್ರಮ್ಮನ ಅಂಗೈ ತುಂಬಿತು. ಅವಳು ಅದನ್ನು ನನ್ನ ತುಟಿಗೆ ಹಿಡಿದಳು. ತಣ್ಣಗಿತ್ತು. ಆಮೇಲೆ ಬುರುಡೆ ಎತ್ತಿ ಪೂರ್ತಿ ಕುಡಿದೆ. ಇನ್ನೊಂದು ಕೊಚ್ಚು ಎಂದೆ, ಅದನ್ನೂ ಕುಡಿದೆ.

ಮೇ ೨೧, ಸೋಮವಾರ

ಏಕಾಂತಪ್ಪ ಅಯ್ಯನವರನ್ನು ಕರೆತಂದ. ಅವರು ಬರಲು ಹಿಂದೆಮುಂದೆ ನೋಡಿದ್ದಕ್ಕೆ ಅವರ ಬಾಗಿಲಲ್ಲೇ ಉಪವಾಸ ಕುಳಿತಿದ್ದನಂತೆ. ತಾಯಿಗೆ ತಕ್ಕ ಮಗ. ತಾಯಿ ಕುಳಿತಿದ್ದನ್ನು ಕಂಡು ಬೇಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಅಯ್ಯನವರು ಹುಣಸೆಮರದಿಂದ ಈಚೆಗೆ ಬರಲಿಲ್ಲ. ಕೊಟ್ರಮ್ಮನನ್ನು ನಾನೂ ಉಚ್ಚಂಗಮ್ಮನೂ ಹಿಡಿದುಕೊಂಡು ಅಲ್ಲಿಗೇ ಹೋದೆವು. ನಡೆದದ್ದೆಲ್ಲ ಕೇಳಿ ಅಯ್ಯನವರು ಕೆಂಡವಾದರು. "ಒಬ್ಬರ ಲಿಂಗ ಒಬ್ಬರಿಗೆ ಕೊಡೋದು ಅಂದ್ರೇನು? ಯಾವ ಶಾಸ್ತ್ರದಾಗೈತೆ ಇದು?"

"ಶಾಸ್ತ್ರ ರಾಮಗಿರಿಗೆ ಹೋಗಿತ್ತು ಬುದ್ಧೀ" ಎಂದಳು ಕೊಟ್ರಮ್ಮ. "ಅದು ಬರೋಗಂಟ ನಾನು ಇರಬೇಕಲ್ಲ."

ಅಯ್ಯನವರು ಮರದ ಬುಡ ನೋಡುತ್ತಾ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ಅವಳಿಗೆ ಹೊಸ ಲಿಂಗ ಕಟ್ಟಿದರು. ನನ್ನದನ್ನು ತೊಳೆದು, ವಿಭೂತಿ ಹಚ್ಚಿ, ತಾವೇ ಕರಡಿಗೆಯಲ್ಲಿಟ್ಟು ಮುಚ್ಚಿಕೊಟ್ಟರು. ಒಡೆದ ಹೋಳುಗಳನ್ನು ಕೊಂಡೊಯ್ದರು, ವೇದಾವತಿಯಲ್ಲಿ ಬಿಡುತ್ತಾರಂತೆ.

ಉಚ್ಚಂಗಮ್ಮನಿಗೆ ಹೇಳಿದ್ದೇನೆ, ಇನ್ನು ಮೇಲೆ ಯಾರ ಗಂಟನ್ನೇ ಆಗಲಿ ಕೇಳದೆ, ಬಿಚ್ಚಿ ನೋಡದೆ ಗುಂಡಿಗೆ ಹಾಕಬಾರದು. ಅವಳು, "ಕೊಟ್ರಮ್ಮ ನಿಮ್ಮನ್ನ ಉಂಡ್ಯೇನು ಅಂತ ಕೇಳ್ದಂಗೆ ನಾನೂ ಬಂದೋರ್ನೆಲ್ಲ ಇದನ್ನ ಕೇಳ್ತೀನಿ" ಎಂದಳು.

ಮೇ ೨೭, ಭಾನುವಾರ

ಕೊಟ್ರಮ್ಮ ಗಾಡಿ ಹತ್ತಿ ಮನೆಗೆ ಹೋದಳು. ಚಪ್ಪರ ಬಿಕೋ ಎನ್ನುತ್ತಿದೆ. ನಾಳೆ ಎಳನೀರು ತರುತ್ತೇನೆಂದಳು, ಒಂದು ತಿಂಗಳು ಇತ್ತ ತಲೆ ಹಾಕಿದರೆ ಕಾಲು ಮುರಿಯುತ್ತೇನೆಂದೆ. ಬಂದೇ ಬರುತ್ತಾಳೆ.

ಇವತ್ತು ಬೆಳಿಗ್ಗೆ ಕಾಫಿ ತಣ್ಣಗೆ ಕೊರೆಯುತ್ತಿತ್ತು. ಸಿಟ್ಟು ಬಂದು ಉಚ್ಚಂಗಮ್ಮನನ್ನು ಬೈದೆ, ಒಂದು ಲೋಟ ಕಾಫಿ ಬಿಸಿಯಾಗಿ ಕೊಡಲು ಬರುವುದಿಲ್ಲವೇ ಎಂದು.

"ಬಿಸಿ ಇದ್ದಾಗ್ಲೇ ತಂದಿಟ್ಟಿದ್ದೆ ಕಣ್ರವ್ವ" ಎಂದಳು. "ನೀವೇ ಅಂಗೈ ಹಿಡ್ಕಂಡು ಕಣ್ಣು ಮುಚ್ಚಿ ಕುಂತಿದ್ರಿ. ಎಬ್ಬಿಸಾಕೆ ಮನಸ್ಸು ಬರ್ಲಿಲ್ಲ."

ಸುಳ್ಳು ಹೇಳುತ್ತಾಳೆ. ಅಷ್ಟು ಹೊತ್ತು ಕುಳಿತಿರಲಾರೆ ನಾನು. ನಾಳೆಯಿಂದ ಸ್ವಲ್ಪ ತಡವಾಗಿ ಕಾಸು ಎಂದು ಹೇಳಬೇಕು.